ಕಾಲೇಜಿಗೆ ಬಂದ ಕೋವಿ

1963ರಲ್ಲಿ ಪದವಿ ತರಗತಿಗೆ ಸೇರಿದ ಹುಡುಗರಿಗೆ ಪುಸ್ತಕ, ಫೀಸುಗಳ ಜೊತೆ ಇನ್ನೊಂದು ಹೊರೆಯೂ ಕಾದಿತ್ತು. ಖಾಕಿ ಅಂಗಿ, ಖಾಕಿ ಚಡ್ಡಿ, ಎರಡು ಸೇರಿನಷ್ಟು ಭಾರದ ಬೂಟು, ಭುಜದ ಮೇಲೊಂದು ರೈಫಲ್. ಚೀನಾ ಯುದ್ಧದ ಗಾಯ ಆರಿರಲಿಲ್ಲ. 1962ರ ಅಕ್ಟೋಬರ್ 20ರಂದು ಶುರುವಾದ ಕಾಳಗ ಒಂದು ತಿಂಗಳಲ್ಲೇ ಮುಗಿದು, ದೇಶದ ಸೇನೆ ಎಷ್ಟು ಸಣ್ಣದು, ಎಷ್ಟು ಬರಿಗೈಯದು ಎಂಬುದು ಎಲ್ಲರಿಗೂ ತಿಳಿದುಹೋಗಿತ್ತು. ಅದರ ಮರುವರ್ಷವೇ ಕೇಂದ್ರ ಸರ್ಕಾರ ಎನ್‌ಸಿಸಿಯನ್ನು ಕಾಲೇಜು ಹುಡುಗರಿಗೆಲ್ಲ ಕಡ್ಡಾಯ ಮಾಡಿತು. ಮೈಯಲ್ಲಿ ಊನವಿಲ್ಲದ ಯಾವ ಹುಡುಗನಿಗೂ ವಿನಾಯಿತಿ ಇರಲಿಲ್ಲ. ಉರ್ವ, ಬೋಳೂರು, ಚಿಲಿಂಬಿ ಕಡೆಯ ಮನೆಗಳಿಂದ ಹೊರಟು ಹಂಪನಕಟ್ಟೆಯ ಸರ್ಕಾರಿ ಕಾಲೇಜಿಗೋ ಗುಡ್ಡೆಯ ಮೇಲಿನ ಸಂತ ಅಲೋಶಿಯಸ್ ಕಾಲೇಜಿಗೋ ಹೋಗುವ ಹುಡುಗರಿಗೂ ನಿಯಮ ಅದೇ. ಗಣಿತ ಕಲಿಯಬೇಕಾದರೂ ಇತಿಹಾಸ ಕಲಿಯಬೇಕಾದರೂ ಕೋವಿ ಹಿಡಿಯಲೇಬೇಕು.

ಈ ಏರ್ಪಾಡು ಐದು ವರ್ಷ ನಡೆಯಿತು. ಆಮೇಲೆ ಸರ್ಕಾರವೇ ಅದನ್ನು ಸಡಿಲಿಸಿತು. ಹೆಚ್ಚು ಸದ್ದಿಲ್ಲದೆ ಮುಗಿದ ಈ ಐದು ವರ್ಷಗಳ ಕಥೆಯನ್ನು ಈಗ ಯಾರೂ ಅಷ್ಟಾಗಿ ಹೇಳುವುದಿಲ್ಲ. ಆದರೆ ವಿದ್ಯಾರ್ಥಿಗಳ ಕೈಗೆ ಬಂದೂಕು ಕೊಡಬೇಕೋ ಬೇಡವೋ ಎಂಬ ಚರ್ಚೆ ನಮ್ಮಲ್ಲಿ ನಡೆದೇ ಇಲ್ಲ ಎನ್ನುವವರು ಇದನ್ನೊಮ್ಮೆ ತಿರುವಿ ನೋಡಬೇಕು. ನಡೆದಿದೆ, ಆದರೆ ಅಮೆರಿಕದಲ್ಲಿ ನಡೆದ ರೀತಿಯಲ್ಲಿ ಅಲ್ಲ.

ಇದರ ಬೇರು ಹುಡುಕಿದರೆ ಮಂಗಳೂರಿನ ಬಾವುಟಗುಡ್ಡೆಗೇ ಬರಬೇಕಾಗುತ್ತದೆ. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತು. ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರ, ಸುಳ್ಯ ಮಾಗಣೆಗಳನ್ನು ದಕ್ಷಿಣ ಕನ್ನಡಕ್ಕೆ ಜೋಡಿಸಿತು. ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ಮುಂದೆ ನಗದು ಕೊಡಬೇಕಾಯಿತು. 1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಕಡೆ ಹೊತ್ತಿಕೊಂಡ ದಂಗೆ ಬೆಳ್ಳಾರೆ, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರಿಗೆ ಬಂತು. ಇಂಗ್ಲಿಷ್ ಅಧಿಕಾರಿಗಳು ಹಡಗು ಹತ್ತಿದರು. ಗುಡ್ಡೆಯ ಮೇಲೆ ದಂಗೆಕೋರರ ಬಾವುಟ ಏರಿತು. ಕೊಡಗಿನ ಅರಸು ಮನೆತನದವನೆಂದು ಬಿಂಬಿಸಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ನಡೆದ ಆ ಆಳ್ವಿಕೆ ಹದಿಮೂರು ದಿನ ಬಾಳಿತು. ಹೊರಗಿನಿಂದ ಪಡೆ ಬಂದ ಮೇಲೆ ಎಲ್ಲವೂ ಮಗುಚಿತು. ಬಿಕರ್ನಕಟ್ಟೆಯಲ್ಲಿ ನೇಣುಗಂಬ ಎದ್ದಿತು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇದು ರೈತರ ದಂಗೆಯೋ, ಕಳೆದುಹೋದ ಅರಸೊತ್ತಿಗೆಯನ್ನು ಮರಳಿ ಪಡೆಯುವ ಯತ್ನವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ‘ಕಲ್ಯಾಣಪ್ಪನ ಕಾಟುಕಾಯಿ’ ಎಂದು ಲೇವಡಿಯ ದನಿಯಲ್ಲಿ ಕರೆಯುತ್ತಿದ್ದುದನ್ನು ಎನ್.ಎಸ್. ದೇವಿಪ್ರಸಾದ್ ಸಂಪಾಜೆ ಅಂಥವರು ಸ್ವಾತಂತ್ರ್ಯ ಹೋರಾಟವೆಂದು ಎತ್ತಿ ಹಿಡಿದರು. ಸಾಕಿ ಅವರಂಥ ಎಡಪಂಥೀಯ ಇತಿಹಾಸಕಾರರಿಗೆ ಅದು ಜನರ ಸಶಸ್ತ್ರ ಬಂಡಾಯ. ಇಬ್ಬರ ಬರಹದಲ್ಲೂ ಒಂದು ಸಂಗತಿ ಸಮಾನ: ಊರ ಜನರ ಬಳಿ ಕೋವಿ ಇತ್ತು, ಕತ್ತಿ ಇತ್ತು, ಅವನ್ನು ಬಳಸಲೂ ಬರುತ್ತಿತ್ತು.

ಬ್ರಿಟಿಷರು ಮರೆಯದೇ ಇದ್ದುದೂ ಇದನ್ನೇ. ದಂಗೆ ಅಡಗಿಸಲು ನೆರವಾದ ಕೊಡವ ಮುಖಂಡರಿಗೆ ಚಿನ್ನ, ಬೆಳ್ಳಿಯ ಪದಕ ಹೊಯ್ಯಿಸಿ ಕೊಟ್ಟರು. 1857ರ ಬಳಿಕ ದೇಶದ ಉಳಿದ ಜನರ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರ ಫೆಬ್ರವರಿಯಲ್ಲಿ ಕೊಡವರನ್ನು ಅದರಿಂದ ಹೊರಗಿಟ್ಟರು. 1878ರಲ್ಲಿ ಲಿಟ್ಟನ್‌ನ ಕಾಲದ ಶಸ್ತ್ರ ಕಾಯ್ದೆ ಬಂದು, ಭಾರತೀಯನೊಬ್ಬ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದು ಅಪರಾಧವಾಯಿತು. ಅಂದರೆ ಘಟ್ಟದ ಮೇಲೆ ಕೋವಿ ಮನೆಯ ಗೌರವ, ಘಟ್ಟದ ಕೆಳಗೆ ಅದು ಸರ್ಕಾರದ ಗುಮಾನಿ. ಈ ಭೇದಕ್ಕೆ ಮೂಲ ಶೌರ್ಯ ಎಂದು ಹೇಳುವುದು ವಾಡಿಕೆ. ಯಾರು ಯಾವ ಕಡೆ ನಿಂತಿದ್ದರು ಎಂಬುದೂ ಅಷ್ಟೇ ಮುಖ್ಯ ಕಾರಣವಾಗಿತ್ತು.

ಶಸ್ತ್ರ ಕಾಯ್ದೆಯ ಅವಮಾನ ಓದಿದವರನ್ನು ಹೆಚ್ಚು ಚುಚ್ಚಿತು. ಕಾಂಗ್ರೆಸ್ ತನ್ನ ಆರಂಭದ ವರ್ಷಗಳಲ್ಲೇ ಅದರ ವಿರುದ್ಧ ಗೊತ್ತುವಳಿ ಮಾಡಿತು. ಅಹಿಂಸೆಯ ಗಾಂಧೀಜಿಯೂ 1918ರ ಸೈನ್ಯ ಭರ್ತಿಯ ದಿನಗಳಲ್ಲಿ, ಇಡೀ ಒಂದು ಜನಾಂಗವನ್ನು ನಿಶ್ಶಸ್ತ್ರಗೊಳಿಸಿದ್ದು ಬ್ರಿಟಿಷರ ದುಷ್ಕೃತ್ಯಗಳಲ್ಲೇ ಅತಿ ಕೆಟ್ಟದ್ದು ಎಂಬ ಅರ್ಥದ ಮಾತು ಬರೆದರು. ಮೊದಲ ಮಹಾಯುದ್ಧ ಸರ್ಕಾರದ ಬಿಗಿಮುಷ್ಟಿಯನ್ನು ಕೊಂಚ ಸಡಿಲಿಸಿತು. 1917ರಲ್ಲಿ ಕಲ್ಕತ್ತೆಯಲ್ಲಿ ವಿಶ್ವವಿದ್ಯಾಲಯದ ಹುಡುಗರ ಪಡೆಯೊಂದು ಹುಟ್ಟಿತು. ಅದಕ್ಕೆ ಸೇರಿದ ಒಬ್ಬ ಕನ್ನಡಕಧಾರಿ ವಿದ್ಯಾರ್ಥಿಯ ಹೆಸರು ಸುಭಾಷ್ ಚಂದ್ರ ಬೋಸ್. ಭಾರತೀಯರಿಗೆ ಬಾಗಿಲು ಮುಚ್ಚಿದ್ದ ಫೋರ್ಟ್ ವಿಲಿಯಂ ಒಳಗೆ ರೈಫಲ್ ತರಲೆಂದು ಹಕ್ಕಿನಿಂದ ಕಾಲಿಟ್ಟಾಗ ಆದ ಸಂತೋಷವನ್ನು ಅವರು ತಮ್ಮ ಅಪೂರ್ಣ ಆತ್ಮಕಥೆಯಲ್ಲಿ ನೆನೆದಿದ್ದಾರೆ. 1920ರ ಕಾನೂನಿನ ನಂತರ ಇಂಥ ಪಡೆಗಳು ‘ಯೂನಿವರ್ಸಿಟಿ ಟ್ರೈನಿಂಗ್ ಕೋರ್’ ಆದವು. ಅಲ್ಲಿಂದ ಸೇನಾಧಿಕಾರಿಗಳು ತಯಾರಾಗಲಿ ಎಂಬುದು ಭಾರತೀಯರ ಆಸೆ, ಹುಡುಗರು ಕವಾಯತು ಮಾಡಿಕೊಂಡು ಸುಮ್ಮನಿರಲಿ ಎಂಬುದು ಸರ್ಕಾರದ ಲೆಕ್ಕ.

ಸ್ವಾತಂತ್ರ್ಯ ಹತ್ತಿರವಾದಾಗ ಲೆಕ್ಕ ಬದಲಾಯಿತು. 1946ರಲ್ಲಿ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಅದರ ವರದಿಯ ಮೇಲೆ 1948ರಲ್ಲಿ ಎನ್‌ಸಿಸಿ ಕಾಯ್ದೆ ಬಂತು, ಅದೇ ವರ್ಷ ಜುಲೈ 15ರಂದು ಪಡೆ ಹುಟ್ಟಿತು. ಮರುವರ್ಷ ಹುಡುಗಿಯರ ವಿಭಾಗ, 1950ರಲ್ಲಿ ವಾಯು ವಿಭಾಗ, 1952ರಲ್ಲಿ ನೌಕಾ ವಿಭಾಗ ಸೇರಿಕೊಂಡವು. ಆಗ ಇದು ಸ್ವಂತ ಇಚ್ಛೆಯ ಕೆಲಸ. ಸೇರಬೇಕೆಂದವನನ್ನು ನಿಲ್ಲಿಸಿ, ಎತ್ತರ ಅಳೆದು, ಓಡಿಸಿ ಆರಿಸುತ್ತಿದ್ದರು. ಬೇಡಿಕೆಯೇ ಪೂರೈಕೆಯನ್ನು ಮೀರಿದ್ದರಿಂದ 1960ರಲ್ಲಿ ‘ಎನ್‌ಸಿಸಿ ರೈಫಲ್ಸ್’ ಎಂಬ ಹಗುರ ವ್ಯವಸ್ಥೆಯನ್ನು ತೆರೆಯಬೇಕಾಯಿತು.

ಚೀನಾ ಯುದ್ಧ ಈ ಇಚ್ಛೆಯನ್ನು ಹುಕುಂ ಮಾಡಿತು.

ಆ ಹುಕುಮಿನ ಒಳಗೆ ನಿಜವಾಗಿ ಏನಿತ್ತು? ಕವಾಯತಿಗೆ ಕೊಡುತ್ತಿದ್ದುದು ಹೆಚ್ಚಾಗಿ ಹಳೆಯ ಪಾಯಿಂಟ್ 303 ರೈಫಲ್, ಅದೂ ‘ಡಿಪಿ’. ಡಿಪಿ ಎಂದರೆ ಡ್ರಿಲ್‌ಗೆ ಮಾತ್ರ. ಗುಂಡಿನ ಕೋಣೆಗೆ ತೂತು ಕೊರೆದು, ಗುಂಡಿಗೆ ಬಡಿಯುವ ಪಿನ್ನು ತೆಗೆದು ಸತ್ತ ಕೋವಿ ಮಾಡಿದ್ದು. ತೂಕ ಮಾತ್ರ ಜೀವಂತ ಕೋವಿಯದ್ದೇ, ಸುಮಾರು 4 ಕಿಲೋ. ಅದನ್ನು ಭುಜಕ್ಕೇರಿಸಿ ‘ಸಾವಧಾನ್, ವಿಶ್ರಾಮ್, ದಾಹಿನೆ ಮುಡ್’ ಎಂಬ ಹಿಂದಿ ಆದೇಶಕ್ಕೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತಾಡುವ ಹುಡುಗರು ತಿರುಗುತ್ತಿದ್ದರು. ಮದ್ದಿನ ವಾಸನೆ ಮೂಗಿಗೆ ಬಡಿಯುವುದು ವರ್ಷಕ್ಕೆ ಅಪರೂಪಕ್ಕೊಮ್ಮೆ, ಪಾಯಿಂಟ್ 22 ರೈಫಲಿನಲ್ಲಿ. ನೆಲದ ಮೇಲೆ ಹೊಟ್ಟೆ ಊರಿ ಮಲಗಬೇಕು, ಎಡ ಮೊಣಕೈ ಕೋವಿಯ ಕೆಳಗೆ ಬರಬೇಕು, ಕೆನ್ನೆ ಮರಕ್ಕೆ ತಾಗಬೇಕು, ಅರ್ಧ ಉಸಿರು ಹಿಡಿದು 25 ಮೀಟರ್ ದೂರದ ಹಾಳೆಗೆ ಗುಂಡು ಬಿಡಬೇಕು. ಹೊಡೆದಾದ ಮೇಲೆ ಏಳುವ ಹಾಗಿಲ್ಲ. ಖಾಲಿ ತೋಟಾಗಳನ್ನು, ಕೆಡೆಟ್‌ಗಳ ಬಾಯಲ್ಲಿ ‘ಖೋಖಾ’ಗಳನ್ನು, ಹುಲ್ಲಿನಲ್ಲಿ ತಡಕಿ ಹೆಕ್ಕಿ ಲೆಕ್ಕ ಒಪ್ಪಿಸಬೇಕು. ಎಷ್ಟು ಗುಂಡು ಕೊಟ್ಟಿದ್ದರೋ ಅಷ್ಟೇ ಖೋಖಾ ವಾಪಸು ಬರಬೇಕು. ಒಂದು ಕಮ್ಮಿಯಾದರೆ ಇಡೀ ಸಾಲು ಮಂಡಿಯೂರಿ ಹುಡುಕಬೇಕು. ರೈಫಲ್ ‘ಕೋತ್’ಗೆ, ಅಂದರೆ ಶಸ್ತ್ರಾಗಾರಕ್ಕೆ, ಮರಳಿ ಬೀಗ ಬಿದ್ದ ಮೇಲೆಯೇ ಸುಬೇದಾರರ ಮುಖದ ಗಂಟು ಸಡಿಲವಾಗುವುದು. ಈ ಪದ್ಧತಿ ಇಂದಿಗೂ ಹಾಗೆಯೇ ಇದೆ.

ಈ ಚಿತ್ರ ಮುಖ್ಯ. ಭಾರತದ ಕಾಲೇಜಿನಲ್ಲಿ ಕೋವಿ ಎಂದೂ ವಿದ್ಯಾರ್ಥಿಯದ್ದಾಗಲಿಲ್ಲ. ಅದು ಸರ್ಕಾರದ್ದು, ಅವನ ಕೈಗೆ ಗಂಟೆಯ ಲೆಕ್ಕದಲ್ಲಿ ಸಾಲವಾಗಿ ಬಂದದ್ದು. 1959ರ ಶಸ್ತ್ರ ಕಾಯ್ದೆಯ 45ನೇ ಕಲಮು ಎನ್‌ಸಿಸಿ ಸದಸ್ಯರನ್ನು ತನ್ನ ಹಿಡಿತದಿಂದ ಹೊರಗಿಟ್ಟಿತು. ಅದೇ ಕಾಯ್ದೆಗೆ 1983ರಲ್ಲಿ ತಿದ್ದುಪಡಿಯಾಗಿ, ಕೋವಿ ಹೊಂದಲು ಬೇಕಾದ ಕನಿಷ್ಠ ವಯಸ್ಸು 16ರಿಂದ 21ಕ್ಕೆ ಏರಿತು. ಹಾಗಾಗಿ 18 ವರ್ಷದ ಬಿ.ಎ. ವಿದ್ಯಾರ್ಥಿಗೆ ತೋಟದ ಹಂದಿ ಓಡಿಸಲು ಪರವಾನಗಿ ಸಿಗದು. ಅವನೇ ಕೆಡೆಟ್ ಆದರೆ ಹವಾಲ್ದಾರರ ಕಣ್ಣೆದುರು ಗುಂಡು ಹೊಡೆಯಬಹುದು.

ಕಡ್ಡಾಯದ ಕಾಲ ಸುಖದ್ದಾಗಿರಲಿಲ್ಲ. ಸೇನೆ ತಾನೇ ಹಿಗ್ಗುತ್ತಿದ್ದ ಹೊತ್ತಿನಲ್ಲಿ ಕಾಲೇಜುಗಳಿಗೆ ಕಳಿಸಲು ಅಧಿಕಾರಿಗಳು ಸಾಲಲಿಲ್ಲ. ಬಟ್ಟೆ, ಬೂಟು, ರೈಫಲು ಯಾವುದೂ ಸಾಲಲಿಲ್ಲ. ಇಷ್ಟಪಟ್ಟು ಬಂದವನ ಪಕ್ಕದಲ್ಲೇ ಶಾಪ ಹಾಕುತ್ತಾ ಬಂದವನು ನಿಂತ. ಪರೇಡು ಕೂಡ ಪಾಠದ ಹಾಗೆ ಹಾಜರಿ ಪುಸ್ತಕಕ್ಕೆ ಸೇರಿ, ಹಾಜರಿ ಪುಸ್ತಕಕ್ಕೆ ಸೇರಿದ ಎಲ್ಲದರಂತೆ ತಪ್ಪಿಸಿಕೊಳ್ಳಬೇಕಾದ ವಸ್ತುವಾಯಿತು. 1965ರ ಪಾಕಿಸ್ತಾನ ಯುದ್ಧದಲ್ಲಿ ಕೆಡೆಟ್‌ಗಳು ಎರಡನೇ ಸಾಲಿನ ರಕ್ಷಣೆಗೆ, ಮದ್ದುಗುಂಡು ಕಾರ್ಖಾನೆಗಳ ಕೆಲಸಕ್ಕೆ ನೆರವಾದರು ಎಂಬುದು ಎನ್‌ಸಿಸಿಯ ಹೆಮ್ಮೆ. ಅದು ನಿಜವೂ ಹೌದು. ಆದರೆ ಅಂಥವರು ಕಡ್ಡಾಯ ಇಲ್ಲದಿದ್ದರೂ ಬರುತ್ತಿದ್ದರು ಎಂಬ ಮಾತನ್ನು ಆಗಲೇ ಹಲವರು ಆಡುತ್ತಿದ್ದರು.

ಡಿ.ಎಸ್. ಕೊಠಾರಿ ನೇತೃತ್ವದ ಶಿಕ್ಷಣ ಆಯೋಗ 1964ರಿಂದ 1966ರವರೆಗೆ ದೇಶ ಸುತ್ತಿ ಬರೆದ ವರದಿಯಲ್ಲಿ ಈ ವಿಷಯ ನಾಜೂಕಾಗಿ ಬಂತು. ಕಡ್ಡಾಯವನ್ನು ತಟಕ್ಕನೆ ತೆಗೆಯಬೇಡಿ, ಆದರೆ ಬೇರೆ ದಾರಿಗಳನ್ನೂ ಹುಡುಕಿ ಎಂಬ ಧಾಟಿ ಅದರದ್ದು. 1967ರ ಏಪ್ರಿಲ್‌ನಲ್ಲಿ ಸೇರಿದ ಶಿಕ್ಷಣ ಮಂತ್ರಿಗಳ ಸಮ್ಮೇಳನ ಇನ್ನೂ ಮುಂದೆ ಹೋಗಿ, ವಿದ್ಯಾರ್ಥಿ ಎನ್‌ಸಿಸಿಯನ್ನೋ ಸಮಾಜಸೇವೆಯನ್ನೋ ತಾನೇ ಆರಿಸಿಕೊಳ್ಳಲಿ ಎಂದಿತು. ಸೆಪ್ಟೆಂಬರ್‌ನಲ್ಲಿ ಕುಲಪತಿಗಳೂ ತಲೆಯಾಡಿಸಿದರು. ಇದೇ ಹೊತ್ತಿಗೆ ದೇಶದ ಕಾಲೇಜುಗಳಲ್ಲಿ ಮುಷ್ಕರ, ಲಾಠಿ, ಗೋಲಿಬಾರು ಸಾಮಾನ್ಯವಾಗಿದ್ದವು. ಬಂಗಾಳದಲ್ಲಿ ನಕ್ಸಲ್‌ಬಾರಿಯ ಕಿಡಿ ಹಾರಿತ್ತು. ಸರ್ಕಾರ ಹಿಂದೆಗೆದದ್ದು ಹಣ, ಅಧಿಕಾರಿಗಳ ಕೊರತೆಯಿಂದಲೋ, ಸಿಟ್ಟಿನ ಹುಡುಗರಿಗೆ ಕೋವಿ ಹಿಡಿಯಲು ಕಲಿಸುವ ಅಳುಕಿನಿಂದಲೋ ಎಂಬ ಪ್ರಶ್ನೆಗೆ ಕಾಗದಪತ್ರಗಳು ಮೊದಲನೆಯದನ್ನೇ ಹೇಳುತ್ತವೆ. ಎರಡನೆಯದನ್ನು ಯಾವ ಸರ್ಕಾರ ತಾನೇ ಕಾಗದಕ್ಕಿಳಿಸೀತು?

ಕೊನೆಯ ಪೆಟ್ಟುಗಳಲ್ಲೊಂದು ಬಿದ್ದದ್ದು ಯಾರೂ ಊಹಿಸದ ಕಡೆಯಿಂದ. 1968ರ ಜನವರಿ 23ರಂದು ಮದರಾಸು ವಿಧಾನಸಭೆಯಲ್ಲಿ ಅಣ್ಣಾದುರೈ ಸರ್ಕಾರ ದ್ವಿಭಾಷಾ ಸೂತ್ರದ ನಿರ್ಣಯ ಮಂಡಿಸಿತು. ಅದರಲ್ಲೇ ಇನ್ನೊಂದು ಮಾತೂ ಇತ್ತು: ಎನ್‌ಸಿಸಿಯ ಹಿಂದಿ ಆದೇಶಗಳು ಹೋಗಬೇಕು, ಇಲ್ಲವೇ ರಾಜ್ಯದಲ್ಲಿ ಎನ್‌ಸಿಸಿಯೇ ಬೇಡ. ಸೇನೆಯ ಆದೇಶ ಭಾಷೆಯನ್ನು ಬದಲಿಸಲು ಕೇಂದ್ರ ಒಪ್ಪಲಿಲ್ಲ. ಅಲ್ಲಿನ ಕಾಲೇಜುಗಳಲ್ಲಿ ಪರೇಡು ನಿಂತಿತು. ಮುಂದೆ ಎನ್‌ಸಿಸಿ ಅಲ್ಲಿಗೆ ಮರಳಿತು, ಅದೇ ಹಿಂದಿ ಆದೇಶಗಳೊಂದಿಗೆ. ಆಗಿನ ಜಗಳದಲ್ಲಿ ರೈಫಲ್ಲಿನ ಗುಂಡಿಗಿಂತ ಅದನ್ನು ಎತ್ತು ಎನ್ನುವ ಮಾತೇ ಹೆಚ್ಚು ಸ್ಫೋಟಕವಾಗಿತ್ತು ಎನ್ನಬಹುದು.

ಅದೇ 1968ರಲ್ಲಿ ಎನ್‌ಸಿಸಿ ಮತ್ತೆ ಐಚ್ಛಿಕವಾಯಿತು. ಅದರ ಬದಲಿಗೆ ಬಂದದ್ದಕ್ಕೆ ಕರ್ನಾಟಕದ ನಂಟಿದೆ. ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋಗಿದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಮರುವರ್ಷ ಕೇಂದ್ರದ ಶಿಕ್ಷಣ ಮಂತ್ರಿಯಾದರು. ಗಾಂಧಿ ಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಎಸ್‌ಎಸ್ಸನ್ನು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಆರಂಭಿಸಿದರು. ಕೋವಿಯ ಜಾಗಕ್ಕೆ ಹಾರೆ, ಗುದ್ದಲಿ ಬಂದವು. ಊರ ರಸ್ತೆ ರಿಪೇರಿ, ಕೆರೆ ಹೂಳೆತ್ತುವುದು, ಹಳ್ಳಿ ಶಾಲೆಗೆ ಸುಣ್ಣ ಬಳಿಯುವುದು. ಎನ್‌ಸಿಸಿಯವರಿಗೆ ಎನ್‌ಎಸ್‌ಎಸ್‌ನವರ ಬಗ್ಗೆ, ಅವರಿಗೆ ಇವರ ಬಗ್ಗೆ ಇರುವ ತಮಾಷೆಯ ತಾತ್ಸಾರ ಕರಾವಳಿಯ ಕಾಲೇಜುಗಳಲ್ಲಿ ಈಗಲೂ ಇದೆ.

ಸರ್ಕಾರದ ಬೀಗದೊಳಗಿನ ಕೋವಿಯ ಚರ್ಚೆ ಹೀಗೆ ತಣ್ಣಗಾಯಿತು. ಬೀಗದ ಹೊರಗಿನ ಕೋವಿ ಕ್ಯಾಂಪಸ್ಸಿಗೆ ಬಂದದ್ದು 2005ರ ಡಿಸೆಂಬರ್ 28ರ ಸಂಜೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ ಸಮ್ಮೇಳನದ ದಿನದ ಕಲಾಪ ಮುಗಿಸಿ ಹೊರಬರುತ್ತಿದ್ದವರ ಮೇಲೆ ಗುಂಡಿನ ಮಳೆಯಾಯಿತು. ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ಸತ್ತರು, ಇನ್ನು ನಾಲ್ವರು ಗಾಯಗೊಂಡರು. ಗೇಟು, ಗುರುತಿನ ಚೀಟಿ, ಕಾವಲಿನ ಪ್ರಶ್ನೆಗಳು ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಗಂಭೀರವಾಗಿ ಎದ್ದದ್ದು ಆ ಸಂಜೆಯ ಮೇಲೆ. ಆದರೂ ಅಧ್ಯಾಪಕರಿಗೆ ಪಿಸ್ತೂಲು ಕೊಡಿ ಎಂಬ ಕೂಗು ಇಲ್ಲಿ ಬಲ ಪಡೆಯಲಿಲ್ಲ.

ಪಕ್ಕದ ಪಾಕಿಸ್ತಾನದಲ್ಲಿ ಅದು ಕೂಗಿಗೇ ನಿಲ್ಲಲಿಲ್ಲ. 2014ರ ಡಿಸೆಂಬರ್‌ನಲ್ಲಿ ಪೇಶಾವರದ ಶಾಲೆಯಲ್ಲಿ ಮಕ್ಕಳ ಮಾರಣಹೋಮವಾದ ಮೇಲೆ ಖೈಬರ್ ಪಖ್ತೂನ್‌ಖ್ವಾ ಪ್ರಾಂತ ಶಿಕ್ಷಕರು ಬಂದೂಕು ಇಟ್ಟುಕೊಳ್ಳಲು ಒಪ್ಪಿಗೆ ಕೊಟ್ಟಿತು. 2016ರ ಜನವರಿ 20ರಂದು ಚಾರ್‌ಸದ್ದಾದ ಬಾಚಾ ಖಾನ್ ವಿಶ್ವವಿದ್ಯಾಲಯಕ್ಕೆ ಉಗ್ರರು ನುಗ್ಗಿದಾಗ ರಸಾಯನಶಾಸ್ತ್ರದ ಅಧ್ಯಾಪಕ ಸೈಯದ್ ಹಮೀದ್ ಹುಸೇನ್ ಪಿಸ್ತೂಲಿನಿಂದ ಎದುರಿಸಿ ಕೆಲವು ವಿದ್ಯಾರ್ಥಿಗಳಿಗೆ ಓಡಲು ಸಮಯ ಕೊಟ್ಟು ತಾವು ಸತ್ತರು. ಅಲ್ಲಿ ಅವರು ಹುತಾತ್ಮರು. ಆದರೆ ಪಾಠ ಹೇಳುವವನ ಸೊಂಟದಲ್ಲಿ ಪಿಸ್ತೂಲು ಇರಬೇಕಾದ ಸ್ಥಿತಿ ಯಾಕೆ ಬಂತು ಎಂದು ಅಲ್ಲಿನವರೇ ಕೇಳಿದರು. ಗಡಿನಾಡ ಗಾಂಧಿ ಎನಿಸಿದ ಬಾಚಾ ಖಾನರ ಹೆಸರಿನ ವಿಶ್ವವಿದ್ಯಾಲಯದಲ್ಲಿ ಈ ಪ್ರಶ್ನೆ ಇನ್ನಷ್ಟು ನೋಯಿಸುತ್ತದೆ.

ಅಮೆರಿಕದ ವಾದ ಹಕ್ಕಿನ ವಾದ. 1966ರ ಆಗಸ್ಟ್ 1ರಂದು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರ ಹತ್ತಿದ ಒಬ್ಬ ಕೆಳಗಿದ್ದವರನ್ನು ಹುಡುಕಿ ಹುಡುಕಿ ಕೊಂದ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ 32 ಮಂದಿ ಬಲಿಯಾದರು, ಅವರಲ್ಲಿ ತಮಿಳುನಾಡು ಮೂಲದ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಕೂಡ ಇದ್ದರು. ಒಂದೇ ಸಾವಿನ ಮನೆಯಿಂದ ಎರಡು ವಾದಗಳು ಹೊರಬಂದವು. ಕ್ಯಾಂಪಸ್ಸಿಗೆ ಬಂದೂಕು ಬರಲೇಬಾರದು ಎಂದರು ಒಂದು ಕಡೆಯವರು. ಒಳಗಿದ್ದವರ ಕೈಯಲ್ಲಿ ಒಂದಿದ್ದರೆ ಇಷ್ಟು ಹೆಣ ಬೀಳುತ್ತಿರಲಿಲ್ಲ ಎಂದರು ಇನ್ನೊಂದು ಕಡೆಯವರು. ಟೆಕ್ಸಸ್‌ನ ಶಾಸಕರು ಎರಡನೆಯವರ ಮಾತು ಕೇಳಿ 2015ರಲ್ಲಿ ಕಾನೂನು ಮಾಡಿದರು. ಪರವಾನಗಿ ಇದ್ದವರು ಸಾರ್ವಜನಿಕ ವಿಶ್ವವಿದ್ಯಾಲಯದೊಳಗೆ ಪಿಸ್ತೂಲು ಮುಚ್ಚಿಟ್ಟುಕೊಂಡು ಹೋಗಬಹುದು. ಅದು ಜಾರಿಗೆ ಬಂದ ದಿನ 2016ರ ಆಗಸ್ಟ್ 1, ಗೋಪುರದ ಹತ್ಯಾಕಾಂಡಕ್ಕೆ ಸರಿಯಾಗಿ 50 ವರ್ಷ. ಆಸ್ಟಿನ್‌ನ ಮೂವರು ಪ್ರಾಧ್ಯಾಪಕಿಯರು ತರಗತಿಯ ಮುಕ್ತ ಚರ್ಚೆಗೆ ಇದು ಧಕ್ಕೆ ಎಂದು ನ್ಯಾಯಾಲಯಕ್ಕೆ ಹೋಗಿ ಸೋತರು. ಖಾಸಗಿ ವಿಶ್ವವಿದ್ಯಾಲಯಗಳಿಗೆ ಬೇಡವೆನ್ನುವ ಅವಕಾಶವಿತ್ತು, ಹೆಚ್ಚುಕಮ್ಮಿ ಎಲ್ಲವೂ ಬೇಡವೆಂದವು. ಮಕ್ಕಳನ್ನು ಎಂ.ಎಸ್. ಓದಲು ಟೆಕ್ಸಸ್‌ಗೆ ಕಳಿಸುವ ಮಂಗಳೂರಿನ ತಂದೆತಾಯಿಗಳಿಗೆ ಈಗ ಫೀಸು, ವೀಸಾಗಳ ಜೊತೆ ಇದೂ ಒಂದು ವಿಚಾರ.

ನಮ್ಮಲ್ಲಿ ಹಕ್ಕಿನ ಮಾತಿಗೆ ಹತ್ತಿರವಾಗಿ ಉಳಿದಿರುವುದು ಕೊಡಗೊಂದೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧವೆಂದು ನಿವೃತ್ತ ಸೇನಾಧಿಕಾರಿಯೊಬ್ಬರು ಹಾಕಿದ ಅರ್ಜಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಇಲ್ಲಿ ಕರಾವಳಿಯಲ್ಲಿ ಚುನಾವಣೆ ಘೋಷಣೆಯಾದರೆ ಸಾಕು, ಪರವಾನಗಿ ಇರುವ ಕೃಷಿಕ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಠಾಣೆಗೆ ಒಪ್ಪಿಸಬೇಕು. ಎಣಿಕೆ ಮುಗಿಯುವ ತನಕ ಮಂಗ, ಹಂದಿಗಳಿಗೆ ಹಬ್ಬ. 1861ರ ಗೆರೆ ಇನ್ನೂ ಅಳಿಸಿಲ್ಲ.

ಆ ಕೊಡಗಿನಲ್ಲೇ 2022ರ ಮೇ ತಿಂಗಳಲ್ಲಿ ಪೊನ್ನಂಪೇಟೆಯ ವಿದ್ಯಾಸಂಸ್ಥೆಯೊಂದರ ಆವರಣದಲ್ಲಿ ಬಜರಂಗದಳದ ಶಿಬಿರ ನಡೆಯಿತು. ಯುವಕರು ಬಂದೂಕು ಗುರಿಯಿಟ್ಟ, ತ್ರಿಶೂಲ ಹಿಡಿದ ಚಿತ್ರಗಳು ಹೊರಬಿದ್ದವು. ಶಾಲೆಯ ಆವರಣದಲ್ಲಿ ಆಯುಧ ತರಬೇತಿ ಎಂದರೆ ಏನರ್ಥ ಎಂದು ವಿರೋಧಿಗಳು ದೂರು ಕೊಟ್ಟರು. ಅವು ಏರ್‌ಗನ್ನು, ಶಸ್ತ್ರ ಕಾಯ್ದೆಗೆ ಬರುವುದಿಲ್ಲ ಎಂಬುದು ಸಂಘಟಕರ ಉತ್ತರ. ಗುಂಡು ಯಾವ ಬಗೆಯದು ಎಂಬ ಲೆಕ್ಕದಲ್ಲೇ ಚರ್ಚೆ ಸಿಕ್ಕಿಕೊಂಡಿತು. ಯಾರ ಅಪ್ಪಣೆಯಿಂದ, ಯಾರ ಮೇಲ್ವಿಚಾರಣೆಯಲ್ಲಿ, ಯಾರ ವಿರುದ್ಧ ಎಂಬ ಪ್ರಶ್ನೆಗಳು ಬದಿಗೆ ಸರಿದವು. ಎನ್‌ಸಿಸಿಯ ಸತ್ತ ರೈಫಲ್ಲಿಗೂ ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಪುಸ್ತಕವಿದೆ.

ಅದೇ ವರ್ಷದ ನವೆಂಬರ್‌ನಲ್ಲಿ ಬಾವುಟಗುಡ್ಡೆಯಲ್ಲಿ 1837ರ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಅಂದಿನ ಬಂಡಾಯ ಹೀಗೆ ಪ್ರತಿಮೆಯಾಗಿ ನಿಂತರೆ, ಸರ್ಕಾರದ ಕೋವಿ ಹಿಡಿಸುವ ಎನ್‌ಸಿಸಿ ಬೇರೆಯೇ ದಿಕ್ಕಿನಲ್ಲಿ ಬೆಳೆಯುತ್ತಿದೆ. 2020ರ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ 173 ಗಡಿ ಮತ್ತು ಕರಾವಳಿ ಜಿಲ್ಲೆಗಳಲ್ಲಿ ಹೊಸದಾಗಿ 1 ಲಕ್ಷ ಕೆಡೆಟ್‌ಗಳನ್ನು ಸೇರಿಸುವುದಾಗಿ, ಅವರಲ್ಲಿ ಮೂರನೇ ಒಂದು ಪಾಲು ಹುಡುಗಿಯರೆಂದು ಹೇಳಿದರು. 2021ರಲ್ಲಿ ಯುಜಿಸಿ ಎನ್‌ಸಿಸಿಯನ್ನು ಕ್ರೆಡಿಟ್ ಇರುವ ಐಚ್ಛಿಕ ವಿಷಯವಾಗಿ ಕಲಿಸಲು ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ಘಟಕ ಬೇಕೆಂದು ಕಾಯುವ ಸಂಸ್ಥೆಗಳು ಹೆಚ್ಚಾಗಿ, ಖರ್ಚನ್ನು ತಾವೇ ಹೊತ್ತು ಎನ್‌ಸಿಸಿ ನಡೆಸುವ ಯೋಜನೆಯೂ ಬಂದಿದೆ. 1963ರಲ್ಲಿ ಹುಕುಂ ಹೊರಡಿಸಿಯೂ ಮನಸ್ಸಿಟ್ಟು ನಿಲ್ಲಿಸಲಾಗದ ಸಾಲಿನಲ್ಲಿ ನಿಲ್ಲಲು ಈಗ ಹುಡುಗ ಹುಡುಗಿಯರು ಬೆಳಗಿನ ಓಟ ಓಡಿ ಆಯ್ಕೆಯಾಗಬೇಕು. ‘ಸಿ’ ಸರ್ಟಿಫಿಕೇಟ್ ಒಳ್ಳೆಯ ದರ್ಜೆಯಲ್ಲಿ ಸಿಕ್ಕಿದರೆ ಸೇನಾಧಿಕಾರಿ ಹುದ್ದೆಗೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಸಂದರ್ಶನಕ್ಕೆ ಹೋಗುವ ದಾರಿಯಿದೆ ಎಂಬುದು ಅವರಿಗೆಲ್ಲ ಗೊತ್ತು.